ೞಕಾರದ ಖಾಲಿ ಮನೆ

ಬಳಕೆಯಲ್ಲಿಲ್ಲದ ವಸ್ತುವನ್ನು ಇಟ್ಟುಕೊಳ್ಳಬೇಕೆ, ಹೊರಕ್ಕೆ ಹಾಕಬೇಕೆ ಎಂಬ ಪ್ರಶ್ನೆ ಸಂಸಾರವಂದಿಗರಿಗೆ ಹೊಸದಲ್ಲ. ಅದೇ ಪ್ರಶ್ನೆ ಭಾಷೆಯ ವಿಷಯದಲ್ಲಿ ಎದ್ದಾಗ ಮಾತ್ರ ನಾವು ಬಲುಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಹಳಗನ್ನಡದ ೞಕಾರ, ಱಕಾರಗಳನ್ನು ಕುರಿತು ವಿದ್ಯಾವಂತರಲ್ಲಿ ಈಚೆಗೆ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಸತ್ತ ಅಕ್ಷರಗಳಿಗೆ ಬೆರಳಚ್ಚಿನಲ್ಲಿಯೂ ಪಾಠದಲ್ಲಿಯೂ ಜಾಗವೇಕೆ, ೞ ಇರುವಲ್ಲೆಲ್ಲ ಳ ಎಂದು ಬರೆದರೆ ಯಾರ ಗಂಟು ಹೋಗುತ್ತದೆ ಎಂಬುದು ಒಂದು. ಗಣಕಯಂತ್ರಗಳ ಲಿಪಿಸಂಕೇತದಲ್ಲಿ ೞಕಾರಕ್ಕೆ ತಪ್ಪು ಹೆಸರು ಇಟ್ಟಿದ್ದಾರೆ, ಇದು ಕನ್ನಡಕ್ಕೆ ಆದ ಅಪಮಾನ, ಕೂಡಲೇ ತಿದ್ದಿಸಬೇಕು ಎಂಬುದು ಇನ್ನೊಂದು. ಈ ಎರಡನ್ನೂ ನಾನು ಒಪ್ಪಲಾರೆ. ಏಕೆಂದು ಹೇಳುವ ಮುಂಚೆ, ವಾಚಕರು ಸ್ವಲ್ಪ ಸೈರಿಸುವುದಾದರೆ, ಸಾಹಿತ್ಯದ ಪುಟಕ್ಕೆ ಹೊರಗಿನದಾದ ಒಂದು ವಿಷಯವನ್ನು ಪ್ರಸ್ತಾಪಿಸಬೇಕಾಗಿದೆ.

ಅದು ಹುಡುಗರ ಆಟದ ವಿಷಯ. ಜಪಾನಿನಲ್ಲಿ 1996ರಲ್ಲಿ ‘ಪೋಕೆಮಾನ್’ ಎಂಬ ವಿಡಿಯೋ ಆಟ ಹೊರಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ ‘ಗೇಮ್ ಬಾಯ್’ ಯಂತ್ರದಲ್ಲಿ ಆಡತಕ್ಕದ್ದು. ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು ಪಳಗಿಸುವುದೇ ಅದರ ಕಥೆ. ಪ್ರಾಣಿಗಳು ಒಟ್ಟು 151. ಆದರೆ ಆಟದ ಒಳಗಿನ ಪಟ್ಟಿಯಲ್ಲಿ ಇರುವ ಸ್ಥಾನಗಳು 190. ಉಳಿದ 39 ಸ್ಥಾನಗಳಲ್ಲಿ ಪ್ರಾಣಿಯಿಲ್ಲ. ಮೊದಲು ಯೋಚಿಸಿ ಆಮೇಲೆ ಕೈಬಿಟ್ಟ ಪ್ರಾಣಿಗಳ ಜಾಗಗಳು ಅವು. ಅಲ್ಲೆಲ್ಲ ‘ಮಿಸಿಂಗ್‌ನೋ’, ಎಂದರೆ ‘ಕಾಣೆಯಾದ ಸಂಖ್ಯೆ’, ಎಂಬ ಒಂದೇ ಹೆಸರನ್ನು ತುಂಬಿಟ್ಟಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆವೃತ್ತಿಯಲ್ಲಿ ಒಂದು ದ್ವೀಪದ ಪೂರ್ವದ ಕರೆಯಗುಂಟ ಈಜಿದ ಹುಡುಗರಿಗೆ ಈ ಕಾಣೆಯಾದ ಸಂಖ್ಯೆ ದರ್ಶನ ಕೊಟ್ಟಿತು. ಮುರಿದ ಕನ್ನಡಿಯ ಚೂರುಗಳನ್ನು ಜೋಡಿಸಿದಂತಿದ್ದ ಅದರ ರೂಪವನ್ನು ಕಂಡವರ ಚೀಲದಲ್ಲಿ ಆರನೆಯ ವಸ್ತುವಿನ ಎಣಿಕೆಗೆ 128 ಸೇರಿಕೊಳ್ಳುತ್ತಿತ್ತು! ಹುಡುಗರು ಬಿಡುತ್ತಾರೆಯೇ? ಜಗತ್ತಿನ ಶಾಲೆಯಂಗಳಗಳಲ್ಲೆಲ್ಲ ಅದೊಂದು ಪುರಾಣವಾಯಿತು. 1999ರಲ್ಲಿ ಬಂದ ಮುಂದಿನ ಆಟದಲ್ಲಿಯೂ ವಸ್ತುಗಳ ಪಟ್ಟಿಯ ಖಾಲಿ ಸ್ಥಾನಗಳಿಗೆ ‘ತೆರು-ಸಾಮ’ ಎಂಬ ಹೆಸರು ತುಂಬಿದೆ. ಯಾವ ಅಂಗಡಿಯಲ್ಲಿಯೂ ಸಿಕ್ಕದ, ಯಾವ ಕೆಲಸಕ್ಕೂ ಬಾರದ ವಸ್ತು; ಹೆಸರುಂಟು, ಸಂಖ್ಯೆಯುಂಟು, ತಿರುಳಿಲ್ಲ.

ಇದನ್ನು ನನಗೆ ಹೇಳಿದವನು ತಿಪಟೂರಿನಲ್ಲಿ ನನ್ನ ಹಳಗನ್ನಡದ ಪಾಠಕ್ಕೆ ಕೂರುವ ವಿದ್ಯಾರ್ಥಿಯೊಬ್ಬ. ಬೇಡವಾದದ್ದನ್ನು ಅಳಿಸಿಹಾಕಬಾರದಾಗಿತ್ತೆ ಎಂದು ಕೇಳಿದೆ. ಅವನು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿದೆ. ಆಟದ ಕ್ರಮವಿಧಿ ವಸ್ತುವನ್ನು ಹೆಸರಿನಿಂದ ಹುಡುಕುವುದಿಲ್ಲ, ಎಣಿಕೆಯಿಂದ ಹುಡುಕುತ್ತದೆ. ಐವತ್ತನೆಯ ಸ್ಥಾನವನ್ನು ಕಿತ್ತುಹಾಕಿದರೆ ಐವತ್ತೊಂದನೆಯದು ಐವತ್ತಾಗಿ, ಅದರ ಹಿಂದಿನವುಗಳೆಲ್ಲ ಒಂದೊಂದು ಮೆಟ್ಟಿಲು ಸರಿದು, ಕತ್ತಿ ಕೇಳಿದವನ ಕೈಗೆ ಕೊಡೆ ಬರುತ್ತದೆ. ಆದ್ದರಿಂದ ಖಾಲಿ ಸ್ಥಾನ ಖಾಲಿಯಾಗಿಯೇ ಇರಬೇಕು. ಅಲ್ಲದೆ ಆ ಖಾಲಿತನ ಎಂದಾದರೂ ಉಪಯೋಗಕ್ಕೆ ಬರಬಹುದು. ‘ಮ್ಯೂ’ ಎಂಬ ಪ್ರಾಣಿಯನ್ನು ಶಿಗೆಕಿ ಮೊರಿಮೊಟೊ ಎಂಬಾತ ಆಟ ಮುಗಿಯುತ್ತ ಬಂದಾಗ, ಪರೀಕ್ಷೆಗೆಂದು ಇಟ್ಟಿದ್ದ ಭಾಗಗಳನ್ನು ತೆಗೆದುದರಿಂದ ಉಳಿದ ಚೂರು ಜಾಗದಲ್ಲಿ ಸದ್ದಿಲ್ಲದೆ ಸೇರಿಸಿದನಂತೆ. ಇಡೀ ಆಟಕ್ಕೆ ಹೆಸರು ತಂದದ್ದು ಬಹುಮಟ್ಟಿಗೆ ಆ ಗುಟ್ಟಿನ ಪ್ರಾಣಿಯೇ.

ನಮ್ಮ ಸೀಮೆಯವರಿಗೆ ಈ ತರ್ಕ ಅಪರಿಚಿತವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಸಾಲಿನ ನಡುವೆ ಒಂದು ಮರ ಸತ್ತರೆ ಪಕ್ಕದ ಮರವನ್ನು ಯಾರೂ ಅಲ್ಲಿಗೆ ಸರಿಸುವುದಿಲ್ಲ. ಗುಣಿ ಹಾಗೆಯೇ ಇರುತ್ತದೆ, ಸಾಲಿನ ಲೆಕ್ಕದಲ್ಲಿ ಅದೂ ಒಂದು. ಕಂದಾಯದ ದಫ್ತರಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತುಂಟು. ಫಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇ-ಚಿರಾಗ್’ ಎಂದರೆ ದೀಪವಿಲ್ಲದ್ದು. ಜನ ಬಿಟ್ಟುಹೋಗಿ, ಒಂದು ಮನೆಯಲ್ಲೂ ದೀಪ ಹಚ್ಚುವವರಿಲ್ಲದ ಊರು. ಊರಿಲ್ಲದಿದ್ದರೂ ಅದರ ಹೆಸರು, ಎಲ್ಲೆ, ಸರ್ವೆ ನಂಬರುಗಳು ಇದ್ದೇ ಇರುತ್ತವೆ. ಅದನ್ನು ಅಳಿಸಿದರೆ ಅಕ್ಕಪಕ್ಕದ ಊರುಗಳ ಎಲ್ಲೆಯೇ ಕದಡಿಹೋಗುತ್ತದೆ. ದೀಪ ಆರಿದ ಊರನ್ನು ಇಷ್ಟು ಕಾವ್ಯಮಯವಾಗಿ ಹೆಸರಿಸಿದ ಗುಮಾಸ್ತ ಯಾರೋ, ಅವನಿಗೆ ನಮಸ್ಕಾರ.

ವೈಯಾಕರಣರಂತೂ ಈ ಕಲೆಯಲ್ಲಿ ಆಟದವರಿಗಿಂತ ಎರಡು ಸಾವಿರ ವರ್ಷ ಮುಂದಿದ್ದರು. ವರ್ಣಮಾಲೆಯ ೡಕಾರವನ್ನು ನೋಡಿರಿ. ಹ್ರಸ್ವವಾದ ಌಕಾರಕ್ಕಾದರೂ ‘ಕ್ಲೃಪ್’ ಎಂಬ ಒಂದು ಧಾತುವಿನ ಆಶ್ರಯ ಉಂಟು. ದೀರ್ಘವಾದ ೡಕಾರಕ್ಕೆ ಸಂಸ್ಕೃತದಲ್ಲಿ ಬಳಕೆಯ ಪದವೇ ಇಲ್ಲ. ಅ-ಆ, ಇ-ಈ ಎಂಬ ಜೋಡಿಗಳ ಸಾಲಿನಲ್ಲಿ ಌಕಾರ ಒಂಟಿಯಾಗಬಾರದೆಂದು ಇರಿಸಿದ ಪೀಠ ಅದು, ‘ತೆರು-ಸಾಮ’ನ ಹಿರಿಯಣ್ಣ! ಌಕಾರವನ್ನಾದರೂ ಉಪದೇಶಿಸಿದುದೇಕೆ ಎಂದು ಪತಂಜಲಿಯ ಮಹಾಭಾಷ್ಯದಲ್ಲಿಯೇ ಚರ್ಚೆ ನಡೆದಿದೆ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿ ಕನ್ನಡದ ಶುದ್ಧಾಕ್ಷರಗಳನ್ನು 47 ಎಂದು ಎಣಿಸಿದಾಗ ಌ, ೡಗಳನ್ನು ಮುಲಾಜಿಲ್ಲದೆ ಕೈಬಿಟ್ಟನು. ಆದರೆ ೞಕಾರವನ್ನು ಬಿಡಲಿಲ್ಲ. ಅವನ ಕಾಲಕ್ಕೆ ಜನರ ನಾಲಗೆಯಲ್ಲಿ ೞ ಆಗಲೇ ಅಳಿಯುತ್ತ ಬಂದಿತ್ತು. ಎಲ್ಲಿ ೞ, ಎಲ್ಲಿ ಳ ಎಂಬುದು ಕವಿಗಳಿಗೂ ಗೊಂದಲವಾಗಿತ್ತು. ಅದಕ್ಕಾಗಿಯೇ ಆತ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಯಾವುದು ಬರಿಯ ಪೀಠ, ಯಾವುದು ದೇವರು ಹೋದರೂ ಉಳಿಯಬೇಕಾದ ಗುಡಿ ಎಂಬ ವಿವೇಚನೆ ಅವನಿಗಿತ್ತು.

ಇನ್ನು ಗಣಕದ ಸಂಗತಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ‘ಯೂನಿಕೋಡ್’ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಇದೆ. (ಆ ಆಟದ ಚೀಲಕ್ಕೆ ಸೇರುತ್ತಿದ್ದ ಸಂಖ್ಯೆಯೂ ಅದೇ, ಯಂತ್ರಗಳಿಗೆ ಎರಡರ ಘಾತಗಳೇ ಪ್ರಿಯವಷ್ಟೆ.) ಭಾರತದ ಲಿಪಿಗಳ ಕೇರಿಗಳನ್ನು ಒಂದೇ ನಕ್ಷೆಯಂತೆ ಕಟ್ಟಿದ್ದಾರೆ. 1988ರ ಭಾರತೀಯ ಸಂಕೇತವ್ಯವಸ್ಥೆಯೇ ಇದಕ್ಕೆ ಆಧಾರ. ದೇವನಾಗರಿಯಲ್ಲಿ ‘ಕ’ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದಲ್ಲಿಯೂ ಅಷ್ಟನೆಯ ಮನೆಯಲ್ಲಿದೆ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಹಾಗೆಯೇ. ಒಂದು ಭಾಷೆಯಲ್ಲಿ ಒಂದು ಅಕ್ಷರ ಇಲ್ಲದಿದ್ದರೆ ಆ ಮನೆಯನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗಿದ್ದಾರೆ. ಸೊನ್ನೆಯಿಂದ ಎಣಿಸಿದರೆ ಕನ್ನಡದ 13ನೆಯ ಮನೆ, 17ನೆಯ ಮನೆ, 41ನೆಯ ಮನೆ, ಇವುಗಳಲ್ಲಿ ದೀಪವಿಲ್ಲ.

ಹಾಗೆಯೇ 52ನೆಯ ಮನೆಯೂ ಖಾಲಿ. ಇಲ್ಲಿಯೇ ಸ್ವಾರಸ್ಯವಿರುವುದು. 51ರಲ್ಲಿ ಳ, 53ರಲ್ಲಿ ವ. ನಡುವಿನ 52 ಯಾರ ಮನೆ? ತಮಿಳಿನ ಕೇರಿಯಲ್ಲಿ 52ನೆಯ ಮನೆ ೞಕಾರದ್ದು. ಮಲಯಾಳದ ಕೇರಿಯಲ್ಲಿಯೂ ಅದು ೞಕಾರದ್ದೇ. ದೇವನಾಗರಿಯಲ್ಲಿ, ಆ ಉಚ್ಚಾರಣೆಯನ್ನು ಬರೆದು ತೋರಿಸಲೆಂದು ಚುಕ್ಕಿಯಿಟ್ಟು ಮಾಡಿಕೊಂಡ ಅಕ್ಷರ ಅಲ್ಲಿಯೇ ಇದೆ. ತೆಲುಗಿನಲ್ಲಿ ಆ ಮನೆ ಬಹುಕಾಲ ಬರಿದಾಗಿತ್ತು. ಹಳೆಯ ಶಾಸನಗಳ ೞಕಾರ 2014ರಲ್ಲಿ ಬಂದು ತನ್ನ ಮನೆಯನ್ನು ಸೇರಿತು. ಖಾಲಿ ಬಿಟ್ಟದ್ದರಿಂದ ತಾನೇ ಅದಕ್ಕೆ ಮನೆ ದೊರೆತದ್ದು? ಕನ್ನಡದಲ್ಲಿ ಮಾತ್ರ ೞಕಾರ ತನ್ನ ಮನೆಯಲ್ಲಿಲ್ಲ. ಅದನ್ನು ಹುಡುಕಿಕೊಂಡು ಹೋದರೆ ದೂರದ 94ನೆಯ ಮನೆಯಲ್ಲಿ ಸಿಕ್ಕುತ್ತದೆ. ಬಾಗಿಲ ಮೇಲಿನ ಫಲಕದಲ್ಲಿರುವ ಹೆಸರು ‘ಕನ್ನಡ ಅಕ್ಷರ ಫ಼’! ದೇವನಾಗರಿಯ ಕೇರಿಯಲ್ಲಿ 94ನೆಯ ಮನೆ ಚುಕ್ಕಿಯುಳ್ಳ ಫ಼ಕಾರದ್ದು. ಕನ್ನಡಕ್ಕೆ ಅಂಥ ಬೇರೆ ಅಕ್ಷರದ ಅವಶ್ಯಕತೆಯೇ ಇಲ್ಲ. ಫಕಾರದ ಕೆಳಗೆ ಎರಡು ಚುಕ್ಕಿಯಿಟ್ಟರೆ ನಮ್ಮ ಕಾಫ಼ಿ, ಫ಼ೋನುಗಳ ಕೆಲಸ ನಡೆಯುತ್ತದೆ. ಅಂತೂ ಪಂಪನ ಬಾಯಲ್ಲಿ ನಲಿದಾಡಿದ ಅಕ್ಷರ ಈಗ ಕಾಫ಼ಿಯ ಹೆಸರಿನ ಬಾಗಿಲ ಹಿಂದೆ ಬಾಡಿಗೆಗೆ ಇದೆ.

ಇದನ್ನು ತಿದ್ದಿಸಬೇಕೆನ್ನುವ ಗೆಳೆಯರ ಕೋಪ ನನಗೆ ಅರ್ಥವಾಗುತ್ತದೆ. ಆದರೆ 1996ರ ಎರಡನೆಯ ಆವೃತ್ತಿಯಿಂದ ಈಚೆಗೆ, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲ, ಒಮ್ಮೆ ಕೊಟ್ಟ ಸ್ಥಾನವನ್ನು ಕದಲಿಸುವುದಿಲ್ಲ ಎಂಬುದು ಆ ವ್ಯವಸ್ಥೆಯ ನಿಯಮ. ನಿಯಮ ಮೊಂಡುತನದ್ದಲ್ಲ. 94ನೆಯ ಮನೆಯ ಸಂಖ್ಯೆಯನ್ನು ನಂಬಿ ಎಷ್ಟೋ ಮಂದಿ ಎಷ್ಟೋ ಪುಟಗಳನ್ನು ಬರೆದಿಟ್ಟಿರುವರು; ಅಕ್ಷರವನ್ನು ಇಂದು 52ಕ್ಕೆ ಸಾಗಿಸಿದರೆ ಆ ಪುಟಗಳಲ್ಲಿರುವ ೞಕಾರಗಳೆಲ್ಲ ಅನಾಥವಾಗುತ್ತವೆ. ಆದ್ದರಿಂದ ಹಳೆಯ ಫಲಕವನ್ನು ಹಾಗೆಯೇ ಬಿಟ್ಟು, ಅದರ ಸರಿಯಾದ ಹೆಸರನ್ನು ತಿದ್ದುಪಡಿಯ ಮರುಹೆಸರಾಗಿ ಅಧಿಕೃತವಾಗಿಯೇ ಪಕ್ಕದಲ್ಲಿ ದಾಖಲೆ ಮಾಡಿದ್ದಾರೆ. ನನಗೆ ಇಷ್ಟು ಸಾಕು. ನಮ್ಮಲ್ಲಿ ಎಷ್ಟು ಊರುಗಳ ಹೆಸರು ಸರ್ಕಾರಿ ಕಾಗದದಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು! ಫಲಕವನ್ನು ಕುರಿತು ಖರ್ಚುಮಾಡುವ ರೋಷದಲ್ಲಿ ಕಾಲುಭಾಗವನ್ನು ಆ ಅಕ್ಷರವನ್ನು ಬಳಸುವುದರಲ್ಲಿ ಖರ್ಚುಮಾಡಿದ್ದರೆ ೞಕಾರದ ಗತಿ ಇಂದು ಬೇರೆಯಾಗಿರುತ್ತಿತ್ತು.

ಸತ್ತ ಅಕ್ಷರವೆಂದು ಅದನ್ನು ಹೊರಹಾಕುವವರೊಡನೆ ನನ್ನ ಜಗಳ ಇದಕ್ಕಿಂತ ದೊಡ್ಡದು. ೞ ಸತ್ತಿಲ್ಲವೆಂಬುದೇ ನನ್ನ ವಾದ. ತಮಿಳರ, ಮಲಯಾಳಿಗಳ ನಾಲಗೆಯಲ್ಲಿ ಅದು ಈಗಲೂ ಆಡುತ್ತಿದೆ. ಕಾಸರಗೋಡಿನ ಕನ್ನಡಿಗರು ದಿನವೂ ಅದನ್ನು ಕೇಳುತ್ತಾರೆ. ಆದರೆ ಪರರ ಮನೆಯ ಸಾಕ್ಷಿ ನಮಗೇಕೆ? ‘ಕೇಳು’ ಎಂಬುದಕ್ಕೆ ‘ಕೇಳಿದ’, ‘ಆಳು’ ಎಂಬುದಕ್ಕೆ ‘ಆಳಿದ’ ಎಂದು ಭೂತಕಾಲ. ಹಾಗಿದ್ದ ಮೇಲೆ ‘ಬೀಳು’ ಎಂಬುದಕ್ಕೆ ‘ಬಿದ್ದ’, ‘ಏಳು’ ಎಂಬುದಕ್ಕೆ ‘ಎದ್ದ’ ಎಂದು ಏಕೆ ಆಗಬೇಕು? ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳುತ್ತಾರೆ. ‘ಅದು ಹಾಗೆಯೇ’ ಎಂದು ಗದರಿಸುವ ಉಪಾಧ್ಯಾಯರೂ ಇಲ್ಲದಿಲ್ಲ. ನಿಜವಾದ ಉತ್ತರ ಖಾಲಿ ಮನೆಯಲ್ಲಿದೆ. ಹಿಂದೆ ಅವು ‘ಬೀೞ್’, ‘ಏೞ್’. ವ್ಯಂಜನದ ಹಿಂದೆ ಬಂದ ೞಕಾರ ರೇಫವಾಗಿ, ರೇಫ ಮುಂದಿನ ವ್ಯಂಜನದಲ್ಲಿ ಲೀನವಾಯಿತು: ಬಿೞ್ದು, ಬಿರ್ದು, ಬಿದ್ದು, ಎೞ್ದು, ಎರ್ದು, ಎದ್ದು. ಏಳರ ಹತ್ತುಪಟ್ಟು ‘ಎಪ್ಪತ್ತು’ ಆದುದೂ ಎೞ್ಪತ್ತು, ಎರ್ಪತ್ತುಗಳ ದಾರಿಯಲ್ಲಿಯೇ. ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ‘ಹೇಳು’ ಎಂಬುದೂ ಹಿಂದೆ ‘ಪೇೞ್’ ಎಂದೇ ಇತ್ತು. ಅದೇನೋ ‘ಕೇಳು’ವಿನ ಜಾಡು ಹಿಡಿದು ‘ಹೇಳಿದ’ ಎಂದಾಯಿತು. ಭಾಷೆ ಎಲ್ಲ ಕಡೆಯೂ ಒಂದೇ ಕಟ್ಟಳೆಗೆ ಒಳಪಡುವುದಿಲ್ಲ, ಆ ಮಾತು ಬೇರೆ. ಒಟ್ಟಿನಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲದ ಅಕ್ಷರವೊಂದು ನಮ್ಮ ದಿನದಿನದ ಮಾತನ್ನು ಒಳಗಿನಿಂದ ಈಗಲೂ ನಡೆಸುತ್ತಿದೆ. ಅದನ್ನು ಪಾಠದಿಂದ ತೆಗೆದರೆ ಉಳಿಯುವುದು ಕಾರಣವಿಲ್ಲದ ಅಪವಾದಗಳ ರಾಶಿ.

ನಮ್ಮ ತೋಟದ ಮಾತನ್ನೇ ತೆಗೆದುಕೊಳ್ಳಿರಿ. ‘ಎಳನೀರು’ ಎಂಬಲ್ಲಿಯ ‘ಎಳ’ ಹುಟ್ಟಿನಿಂದಲೂ ಳಕಾರದ್ದು. ತಮಿಳಿನ ‘ಇಳ’ದ ಒಡಹುಟ್ಟು. ತೆಂಗಿನ ನಾರಿನ ‘ಎಳೆ’ ಹಾಗಲ್ಲ, ಅದು ‘ಎೞೆ’. ಆ ಎಳೆಗಳಿಂದ ಹೊಸೆದ ಮಿಣಿಯನ್ನು ಹಿಡಿದು ತೇರನ್ನು ‘ಎಳೆಯು’ವುದೂ ೞಕಾರದ್ದೇ. ಅಟ್ಟದ ಮೇಲೆ ಮರೆತ ಕಾಯಿ ಮೊಳೆತರೆ ಆ ‘ಮೊಳೆ’ ಳಕಾರದ್ದು. ಹಗ್ಗವನ್ನು ಅಳೆಯುವ ‘ಮೊಳ’ ೞಕಾರದ್ದು. ಒಂದೇ ಅಂಗಳದಲ್ಲಿ, ಒಂದೇ ಮರದ ಸುತ್ತ, ನಾವು ಎರಡು ಅಕ್ಷರಗಳನ್ನು ಒಂದೇ ಅಕ್ಷರದಲ್ಲಿ ಉಚ್ಚರಿಸುತ್ತ ಓಡಾಡುತ್ತಿದ್ದೇವೆ. ಇದು ಬರಿಯ ಪಂಡಿತರ ಕುತೂಹಲವೆಂದು ಯಾರಾದರೂ ಮೂಗು ಮುರಿದರೆ, ಈ ಕಲ್ಪತರುವಿನ ಸೀಮೆಯೇ ಅಂಥ ಇಬ್ಬರನ್ನು ಕನ್ನಡಕ್ಕೆ ಕೊಟ್ಟಿತೆಂದು ನೆನಪು ಮಾಡಿಕೊಡಬೇಕಾಗುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಇಂಗ್ಲಿಷ್ ಗೀತಗಳನ್ನು ಹೊಸಗನ್ನಡಕ್ಕೆ ತಂದು ನವೋದಯದ ಬಾಗಿಲು ತೆರೆದ ಆ ಕೈಯೇ ‘ಗದಾಯುದ್ಧ ನಾಟಕಂ’ ಮತ್ತು ‘ಅಶ್ವತ್ಥಾಮನ್’ಗಳನ್ನು ಹಳಗನ್ನಡದಲ್ಲಿ ಬರೆಯಿತು, ಹೊಸತಕ್ಕಾಗಿ ಹಳೆಯದನ್ನು ಒಗೆಯಬೇಕೆಂದು ಅವರಿಗೆ ತೋರಲಿಲ್ಲ. 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ‘ತೀ’ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಇಕಾರ ಎಕಾರಗಳೂ ಉಕಾರ ಒಕಾರಗಳೂ ಕನ್ನಡದಲ್ಲಿ ಪಲ್ಲಟಗೊಂಡ ಬಗೆಯನ್ನು ಕುರಿತು ಅವರು ಶೋಧಿಸಿ ಬರೆದ ಪ್ರಬಂಧ ವಿದ್ವಾಂಸರಿಗೆ ಪರಿಚಿತವಾದದ್ದು. ತಮಿಳಿನ ‘ಇಳ’ ನಮ್ಮಲ್ಲಿ ‘ಎಳ’ ಆದುದು ಆ ಪಲ್ಲಟದ ಫಲವೇ. ಎಳನೀರಿನ ಊರಿನವರು ಆ ಸೂಕ್ಷ್ಮವನ್ನು ಹಿಡಿದದ್ದು ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ನನಗಂತೂ ಅದರಿಂದ ಸಂತೋಷ.

ಇಷ್ಟನ್ನೂ ಬರೆಯಬೇಕಾಗಿ ಬಂದದ್ದು ಕೇವಲ ಶಬ್ದವ್ಯುತ್ಪತ್ತಿಯ ಪ್ರೀತಿಯಿಂದಲ್ಲ. ಹಳಗನ್ನಡದ ಕಾವ್ಯಗಳು ಈಗ ಕಾಗದದಿಂದ ಗಣಕಕ್ಕೆ ಸಾಗುತ್ತಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಪಂಪನನ್ನು, ರನ್ನನನ್ನು ಮೊದಲು ಕಾಣುವುದು ಕೈಯಲ್ಲಿ ಹಿಡಿದ ಫ಼ೋನಿನ ಗಾಜಿನ ಮೇಲೆ. ಆ ಬೆರಳಚ್ಚಿನ ಕೆಲಸದಲ್ಲಿ ೞ ಇರುವಲ್ಲೆಲ್ಲ ಳ ಒತ್ತಿ ಮುಂದಕ್ಕೆ ಹೋಗುವ ಅಭ್ಯಾಸ ಬೆಳೆದಿದೆ. ಕಾರಣ ಕೇಳಿದರೆ, ಕೀಲಿಮಣೆಯಲ್ಲಿ ಸಿಕ್ಕುವುದಿಲ್ಲ ಎನ್ನುವರು. ಸಿಕ್ಕಿದರೂ ಕೆಲವು ಅಕ್ಷರವಿನ್ಯಾಸಗಳಲ್ಲಿ ಅದರ ಬದಲು ಬರಿಯ ಚೌಕ ಮೂಡುತ್ತದೆ ಎನ್ನುವರು. ಆ ಚೌಕವೂ ಒಂದು ‘ಮಿಸಿಂಗ್‌ನೋ’ ತಾನೇ? ಆದರೆ ಚೌಕ ಕಂಡರೆ ಇಲ್ಲೇನೋ ಇತ್ತೆಂದಾದರೂ ಗೊತ್ತಾಗುತ್ತದೆ. ಳ ಕಂಡರೆ ಏನೂ ಗೊತ್ತಾಗುವುದಿಲ್ಲ.

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಭಟ, ‘ಆೞ್’ ಎಂದರೆ ಮುಳುಗು. ‘ಅಳಿ’ ದುಂಬಿ, ‘ಅೞಿ’ ನಾಶವಾಗು. ಹತ್ತನೆಯ ಶತಮಾನದ ನಮ್ಮ ದೊಡ್ಡ ಕಾವ್ಯಗಳು ಯುದ್ಧದ ಕಾವ್ಯಗಳು. ಕತ್ತಿ ಬದುಕುಗಳೂ, ಭಟರೂ ಅವರು ಮುಳುಗುವ ನೆತ್ತರೂ ಅಲ್ಲಿ ಬೇಕಾದಷ್ಟು ಇವೆ. ಎಲ್ಲವನ್ನೂ ಳಕಾರಕ್ಕೆ ಇಳಿಸಿದರೆ ಸಂದರ್ಭದಿಂದ ಅರ್ಥವಾದೀತು ಎಂದು ಹೇಳುವವರಿಗೆ ಒಂದೇ ಪ್ರಶ್ನೆ: ಯಾರಿಗೆ ಅರ್ಥವಾದೀತು? ಮೂವತ್ತು ವರ್ಷ ಪಾಠ ಹೇಳಿದವರಿಗೆ ಆದೀತು. ಮೊದಲ ಸಲ ಓದುವ ಹುಡುಗಿ ನಿಘಂಟಿನಲ್ಲಿ ಹುಡುಕತೊಡಗಿದರೆ ತಪ್ಪು ಪದದ ಮುಂದೆ ಹೋಗಿ ನಿಲ್ಲುವಳು. ಅಲ್ಲದೆ ಇದು ಒಮ್ಮುಖದ ದಾರಿ. ೞ ಇರುವ ಪಾಠವನ್ನು ಳಕಾರಕ್ಕೆ ಇಳಿಸಲು ಯಂತ್ರಕ್ಕೆ ಕ್ಷಣಮಾತ್ರ ಸಾಕು. ಹೊಸಗನ್ನಡದ ಓದುಗರಿಗೆ ಸುಲಭವಾಗಬೇಕಾದಾಗ ಹಾಗೆ ಮಾಡಿಕೊಳ್ಳಬಹುದು. ಒಮ್ಮೆ ಳಕಾರಕ್ಕೆ ಇಳಿಸಿದ ಪಾಠದಲ್ಲಿ ಯಾವ ಳ ನಿಜವಾಗಿ ಳ, ಯಾವುದು ವೇಷಧಾರಿ ಎಂದು ಹೇಳಲು ಯಂತ್ರಕ್ಕೆ ಬರುವುದಿಲ್ಲ. ವಿದ್ವಾಂಸನೊಬ್ಬ ಮೊದಲ ಪದ್ಯದಿಂದ ಮತ್ತೆ ಕೂರಬೇಕು. ಹಿಂದಿನ ಸಂಪಾದಕರು ಓಲೆಗರಿಗಳ ಮುಂದೆ ಕಣ್ಣು ಕೆಡಿಸಿಕೊಂಡು ಮಾಡಿದ ಕೆಲಸವನ್ನು ನಾವು ಒಂದು ಕೀಲಿಯ ಸೋಮಾರಿತನದಿಂದ ಅಳಿಸುತ್ತಿದ್ದೇವೆ; ಈ ‘ಅಳಿಸು’ವೂ ಹುಟ್ಟಿನಲ್ಲಿ ೞಕಾರದ್ದೇ.

ನಮ್ಮ ಸೀಮೆಯ ರೈತರು ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹರಡಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಆ ವರ್ಷವೆಲ್ಲ ಅಟ್ಟದ ಕಾಯಿ ಯಾವ ಉಪಯೋಗಕ್ಕೂ ಇಲ್ಲ. ಮನೆಯ ಜಾಗ ತಿನ್ನುತ್ತದೆ, ಅಷ್ಟೆ. ಒಳಗೆ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಟಗೊಟ ಎಂದಮೇಲೆಯೇ ಅದು ತಿಪಟೂರಿನ ಹರಾಜಿಗೆ ಹೋಗುವ ಉಂಡೆ ಕೊಬ್ಬರಿ. ನಡುವಿನಲ್ಲಿ ಅಟ್ಟವನ್ನು ಗುಡಿಸಿ ಹಸನುಮಾಡುವ ಉತ್ಸಾಹಿ ಮನೆಯಲ್ಲಿದ್ದರೆ ಆ ಮನೆಯ ಗತಿ ಏನಾಗಬೇಕು?

ನಾನು ಕೇಳುವುದು ಬಹಳವೇನೂ ಅಲ್ಲ. 94ನೆಯ ಮನೆಯ ಫಲಕವನ್ನು ಅದರ ಪಾಡಿಗೆ ಬಿಡಿ; 52ನೆಯ ಮನೆಗೆ ಬೀಗ ಹಾಕಿಯೇ ಇರಲಿ. ಹಳಗನ್ನಡವನ್ನು ಗಣಕಕ್ಕೆ ಏರಿಸುವವರು ೞ, ಱಗಳನ್ನು ಮೂಲದಲ್ಲಿದ್ದಂತೆ ಒತ್ತಲಿ. ಅಕ್ಷರವಿನ್ಯಾಸ ಮಾಡುವವರು ಆ ಎರಡಕ್ಕೂ, ಅವುಗಳ ಕಾಗುಣಿತ ಒತ್ತುಗಳಿಗೂ ಸುಂದರವಾದ ರೂಪ ಕೊಡಲಿ. ಉಪಾಧ್ಯಾಯರು ‘ಬಿದ್ದ’, ‘ಎದ್ದ’ಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ಒಂದು ಸಲ ೞ ಬರೆದು ತೋರಿಸಲಿ, ಐದು ನಿಮಿಷದ ಕೆಲಸ. ಈ ವರ್ಷ ನನ್ನ ತರಗತಿಗೆ ರನ್ನನ ಗದಾಯುದ್ಧದ ಕೆಲವು ಪದ್ಯಗಳು ಪಾಠವಾಗಿವೆ. ಗಣಕದಲ್ಲಿ ದೊರೆತ ಪ್ರತಿಯಲ್ಲಿ ೞಕಾರ ಒಂದೂ ಇಲ್ಲ. ‘ಕಾಣೆಯಾದ ಸಂಖ್ಯೆ’ಯ ಕಥೆ ಹೇಳಿದ ಆ ಹುಡುಗ ಮತ್ತು ಅವನ ಮೂವರು ಗೆಳೆಯರು ಹಳೆಯ ಮುದ್ರಣವೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದಾಗಿ ಅವನ್ನು ತಿರುಗಿ ಕೂರಿಸುತ್ತಿದ್ದಾರೆ. ನಿನ್ನೆಯ ಸಂಜೆಗೆ ನಲವತ್ತನ್ನು ದಾಟಿದ್ದರು.